ಫ್ರಾನ್ಸ್ ದೇಶದ ಅರಮನೆಗಳೂ ಹೊಸ ಕಟ್ಟಡಗಳೂ



೧೭೮೮ನೆಯ ಇಸವಿ ಆಗಸ್ಟ್ ೧೦ನೆಯ ತಾರೀಖು ಮೈಸೂರಿನ ಮೂವರು ರಾಯಭಾರಿಗಳು ಫ್ರಾನ್ಸ್ ದೇಶದ ವರ್ಸೇಲ್ಸ್ ಅರಮನೆಯನ್ನು ಪ್ರವೇಶಿಸಿದರು. ಟಿಪ್ಪು ಸುಲ್ತಾನನು ಕಳುಹಿಸಿಕೊಟ್ಟಿದ್ದ ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್ ಎಂಬುವರೇ ಆ ಮೂವರು. ಜೂನ್ ತಿಂಗಳಲ್ಲಿ ತೂಲೋನ್ ಎಂಬ ರೇವಿನಲ್ಲಿ ಇಳಿದು ಪ್ಯಾರಿಸಿಗೆ ಬಂದಿದ್ದ ಇವರನ್ನು ನೋಡುವುದಕ್ಕೆ ಹೋದ ಹೋದ ಕಡೆಯಲ್ಲೆಲ್ಲ ಜನ ಕಿಕ್ಕಿರಿದು ನೆರೆಯುತ್ತಿತ್ತಂತೆ. ೧೬ನೆಯ ಲೂಯಿ ದೊರೆಯು ಹರ್ಕ್ಯುಲೀಸನ ಹಜಾರವೆಂಬ ದೊಡ್ಡ ಕೋಣೆಯಲ್ಲಿ ಸಿಂಹಾಸನವನ್ನಿರಿಸಿ ಅವರನ್ನು ಎದುರುಗೊಂಡನು. ತಲೆಯೆತ್ತಿ ನೋಡಿದ್ದರೆ ಅವರಿಗೆ ಛಾವಣಿಯ ತುಂಬ ಹರಡಿಕೊಂಡಿರುವ ದೇವತೆಗಳ ಚಿತ್ರ ಕಾಣಿಸಿರಬೇಕು. ಅದನ್ನು ಬರೆದವನು ಲೆಮ್ವಾನ್ ಎಂಬ ಚಿತ್ರಗಾರ. ಮೂರು ವರ್ಷ ಮೇಲ್ಮುಖನಾಗಿ ದುಡಿದು, ೧೭೩೬ರಲ್ಲಿ ಕೆಲಸವನ್ನು ಪೂರೈಸಿ, ಮರುವರ್ಷವೇ ಅವನು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು.

ರಾಯಭಾರಿಗಳು ಬೇಡಿದ್ದು ಇಂಗ್ಲಿಷರ ಮೇಲೆ ಯುದ್ಧಕ್ಕೆ ಸೈನ್ಯವನ್ನು. ದೊರೆತದ್ದು ಮರ್ಯಾದೆ, ಸೆವ್ರ್ ಕಾರ್ಖಾನೆಯ ಪಿಂಗಾಣಿ, ಮತ್ತು ಕೆಲವು ಮಂದಿ ಕುಶಲಕರ್ಮಿಗಳು. ಕೊಡುವುದಕ್ಕೆ ದೊರೆಯ ಬೊಕ್ಕಸದಲ್ಲಿ ಬೇರೇನೂ ಇರಲಿಲ್ಲ. ಮುಂದೆ ಹದಿನಾಲ್ಕು ತಿಂಗಳಿಗೆ, ೧೭೮೯ನೆಯ ಅಕ್ಟೋಬರ್ ೬ರಂದು, ಅದೇ ದೊರೆಯನ್ನು ಪ್ಯಾರಿಸಿನ ಜನ ಆ ಅರಮನೆಯಿಂದ ಕರೆದೊಯ್ದರು. ಅವನು ಮತ್ತೆ ಅಲ್ಲಿಗೆ ಹಿಂದಿರುಗಲಿಲ್ಲ. ೧೭೯೨ರ ಆಗಸ್ಟ್ ೧೦ರಂದೇ ಜನ ತ್ಯುಯಿಲರಿ ಅರಮನೆಗೆ ನುಗ್ಗಿ ದೊರೆತನವನ್ನು ಕೆಡವಿದರು. ಅದರ ವರ್ಷಾಬ್ದಿಕವಾಗಿ ೧೭೯೩ರ ಆಗಸ್ಟ್ ೧೦ರಂದು ಲೂವ್ರ್ ಎಂಬ ಮತ್ತೊಂದು ಅರಮನೆಯ ಬಾಗಿಲು ಚಿತ್ರಶಾಲೆಯಾಗಿ ಸರ್ವರಿಗೂ ತೆರೆಯಿತು. ನಮ್ಮ ನಾಡಿನವರು ಪರದೇಶದ ದೊರೆಯೊಬ್ಬನ ವೈಭವವನ್ನು ಕಂಡ ದಿನವೂ, ಆ ವೈಭವ ಅಳಿದ ದಿನವೂ, ಅದು ಪ್ರಜೆಗಳ ಸೊತ್ತಾದ ದಿನವೂ ಪಂಚಾಂಗದಲ್ಲಿ ಒಂದೇ ಆಗಿರುವುದು ಕೇವಲ ಆಕಸ್ಮಿಕವೇ ಸರಿ. ಆದರೂ ಫ್ರೆಂಚರ ಕಟ್ಟಡಗಳನ್ನು ಕುರಿತು ಮಾತನಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ನಮಗೆ ಸಿಕ್ಕಲಾರದು.

ಶಾರ್ತ್ರ್, ರೀಮ್ಸ್ ಮೊದಲಾದ ಊರುಗಳ ಮಹಾ ಇಗರ್ಜಿಗಳನ್ನು ನಾವು ಇಂದು ಮುಟ್ಟುವುದಿಲ್ಲ. ಅವುಗಳಿಗೆ ಬೇರೆಯ ಉಪನ್ಯಾಸವೇ ಬೇಕು. ದೊರೆಗಳ ಮನೆಯಿಂದ ಆರಂಭಿಸಿ ಸಾಮಾನ್ಯರ ಮನೆಯವರೆಗೆ ಬರುವುದು ನಮ್ಮ ಉದ್ದೇಶ.

ಫ್ರಾನ್ಸಿನ ಹಳೆಯ ಅರಸರ ಮನೆಗಳೆಂದರೆ ಕೋಟೆಗಳು. ೧೧೯೦ರ ಸುಮಾರಿಗೆ ಫಿಲಿಪ್ ಅಗಸ್ಟಸ್ ದೊರೆಯು ಕಟ್ಟಿಸಿದ ಲೂವ್ರ್ ಅಂಥ ಒಂದು ಕೋಟೆ. ಸುತ್ತ ಕಂದಕ, ನಡುವೆ ದುಂಡನೆಯ ದೊಡ್ಡ ಬುರುಜು. ಕಿಟಕಿಗಿಂತ ಬಾಣದ ಕಿಂಡಿಯೇ ಮುಖ್ಯವಾಗಿದ್ದ ಕಾಲ ಅದು. ೧೫೧೫ರಲ್ಲಿ ಪಟ್ಟಕ್ಕೆ ಬಂದ ೧ನೆಯ ಫ್ರಾನ್ಸಿಸನು ಅದೇ ವರ್ಷ ಇಟಲಿಯಲ್ಲಿ ಯುದ್ಧವನ್ನು ಗೆದ್ದು, ಅಲ್ಲಿನ ಮನೆಗಳ ಸೊಗಸನ್ನು ಕಣ್ಣಿನಲ್ಲಿ ತುಂಬಿಕೊಂಡು ಬಂದನು. ಮುದುಕನಾಗಿದ್ದ ಲಿಯೊನಾರ್ಡೊ ಡ ವಿಂಚಿಯನ್ನು ಆದರದಿಂದ ಬರಮಾಡಿಕೊಂಡು ಲುವಾರ್ ನದಿಯ ತೀರದ ಆಂಬುವಾಸಿನಲ್ಲಿ ಇರಿಸಿಕೊಂಡನು. ಲಿಯೊನಾರ್ಡೊ ೧೫೧೯ರ ಮೇ ತಿಂಗಳಲ್ಲಿ ತೀರಿಕೊಂಡನು; ಅದೇ ವರ್ಷ ಶಾಂಬೋರ್ ಅರಮನೆಯ ಕೆಲಸ ಪ್ರಾರಂಭವಾಯಿತು.

ಶಾಂಬೋರಿನಲ್ಲಿ ೪೦೦ಕ್ಕೂ ಮಿಕ್ಕಿ ಕೋಣೆಗಳಿವೆ. ಆದರೆ ನೋಡಹೋದವರು ಹೊಗಳುವುದು ಅದರ ನಡುಮನೆಯ ಮೆಟ್ಟಿಲನ್ನು. ಒಂದೇ ಟೊಳ್ಳು ಕಂಬವನ್ನು ಎರಡು ಬಳ್ಳಿಗಳು ಸುತ್ತಿಕೊಂಡು ಹತ್ತುವಂತೆ ಎರಡು ಸುರುಳಿಯ ಸೋಪಾನಗಳು ಮೇಲಕ್ಕೆ ಹೋಗುತ್ತವೆ. ಒಂದರಲ್ಲಿ ಹತ್ತುವವನೂ ಇನ್ನೊಂದರಲ್ಲಿ ಇಳಿಯುವವನೂ ನಡುವಣ ಕಿಂಡಿಗಳಿಂದ ಒಬ್ಬರ ಮುಖವನ್ನೊಬ್ಬರು ಕಾಣುತ್ತಾರೆ, ಆದರೆ ಎದುರಾಗುವುದಿಲ್ಲ. ಇದರಲ್ಲಿ ಲಿಯೊನಾರ್ಡೊನ ಆಲೋಚನೆಯ ನೆರಳಿದೆಯೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಇಷ್ಟೆಲ್ಲ ಮಾಡಿಸಿದ ಫ್ರಾನ್ಸಿಸನು ತನ್ನ ಮೂವತ್ತೆರಡು ವರ್ಷದ ಆಳ್ವಿಕೆಯಲ್ಲಿ ಅಲ್ಲಿ ತಂಗಿದ್ದ ದಿನಗಳನ್ನೆಲ್ಲ ಕೂಡಿಸಿದರೆ ಮೂರು ತಿಂಗಳೂ ತುಂಬುವುದಿಲ್ಲ. ಆಗ ಆಸ್ಥಾನವೆಂಬುದು ಸಂಚಾರದಲ್ಲಿರುತ್ತಿತ್ತು. ದೊರೆ ಬಂದಾಗ ಮಂಚ, ಜಮಖಾನೆ, ಗೋಡೆಗೆ ತೂಗಹಾಕುವ ಚಿತ್ರಗಂಬಳಿಗಳು ಗಾಡಿಗಳಲ್ಲಿ ಬರುತ್ತಿದ್ದವು, ದೊರೆ ಹೊರಟಾಗ ಅವೂ ಹೊರಡುತ್ತಿದ್ದವು. ಬರಿಯ ಗೋಡೆಗಳು ಉಳಿಯುತ್ತಿದ್ದವು. ಆ ಬರಿಯ ಗೋಡೆಗಳು ೧೯೩೯ರಲ್ಲಿ ಪ್ರಯೋಜನಕ್ಕೆ ಬಂದವು: ಯುದ್ಧದ ಭಯದಿಂದ ಲೂವ್ರಿನ ಚಿತ್ರಗಳನ್ನು ಸಾಗಿಸಿದಾಗ ಲಿಯೊನಾರ್ಡೊನ ಮೋನಾ ಲಿಸಾ ಮೊದಲು ಬಂದು ಇಳಿದದ್ದು ಈ ಶಾಂಬೋರಿಗೆ.

ಲುವಾರ್ ಸೀಮೆಯ ಅರಮನೆಗಳಲ್ಲಿ ನಮ್ಮ ಮನಸ್ಸಿಗೆ ಹೆಚ್ಚು ಹಿಡಿಸುವುದು ಶಾಂಬೋರ್ ಅಲ್ಲ, ಶೆನೋನ್ಸೊ. ಶೇರ್ ಎಂಬ ಹೊಳೆಯ ಮೇಲೆ ಸೇತುವೆ, ಸೇತುವೆಯ ಮೇಲೆ ೬೦ ಮೀಟರು ಉದ್ದದ ಮೊಗಸಾಲೆ. ಸೇತುವೆಯನ್ನು ಕಟ್ಟಿಸಿದವಳು ೨ನೆಯ ಆನ್ರಿ ದೊರೆಯ ಪ್ರೇಯಸಿ ದಿಯಾನ್. ಶಿಲ್ಪಿ ಫಿಲಿಬೇರ್ ದ ಲೋರ್ಮ್. ೧೫೫೯ರಲ್ಲಿ ದೊರೆ ಸತ್ತ ಕೂಡಲೆ ಪಟ್ಟದ ರಾಣಿ ಕ್ಯಾಥರೀನ್ ದ ಮೆದಿಚಿ ಅವಳನ್ನು ಅಲ್ಲಿಂದ ಎಬ್ಬಿಸಿ, ಬದಲಿಗೆ ಶೋಮೋನ್ ಎಂಬ ಬೇರೆ ಮನೆಯನ್ನು ಕೊಟ್ಟು, ಸವತಿಯ ಸೇತುವೆಯ ಮೇಲೆ ತನ್ನ ಮೊಗಸಾಲೆಯನ್ನು ಕಟ್ಟಿಸಿದಳು. ಇಬ್ಬರು ಹೆಂಗಸರ ಹಗೆತನದಿಂದ ಇಷ್ಟು ಶಾಂತವಾದ ಒಂದು ಕಟ್ಟಡ ಹುಟ್ಟಿತೆಂಬುದು ಸೋಜಿಗ. ಮೊದಲನೆಯ ಮಹಾಯುದ್ಧದಲ್ಲಿ ಈ ಮೊಗಸಾಲೆ ಗಾಯಗೊಂಡ ಸಿಪಾಯಿಗಳ ಆಸ್ಪತ್ರೆಯಾಯಿತು. ಎರಡನೆಯದರಲ್ಲಿ ಜರ್ಮನರು ಹಿಡಿದ ಭಾಗಕ್ಕೂ ಹಿಡಿಯದ ಭಾಗಕ್ಕೂ ಆ ಹೊಳೆಯೇ ಎಲ್ಲೆ.

ಇನ್ನು ವರ್ಸೇಲ್ಸಿನ ಮಾತು. ಅದನ್ನು ಹೇಳಬೇಕಾದರೆ ಮೊದಲು ಮತ್ತೊಬ್ಬನ ಮನೆಯ ಮಾತನ್ನು ಹೇಳಬೇಕು. ೧೪ನೆಯ ಲೂಯಿಯ ಹಣಕಾಸಿನ ಮಂತ್ರಿ ನಿಕೊಲಾ ಫೂಕೆ ಎಂಬುವನು ವೋ-ಲ-ವಿಕೋಂತ್ ಎಂಬಲ್ಲಿ ತನಗೊಂದು ಭವನವನ್ನು ಕಟ್ಟಿಸಿದನು. ಕಟ್ಟಡಕ್ಕೆ ಲ ವೋ, ಚಿತ್ರಕ್ಕೆ ಲ ಬ್ರನ್, ತೋಟಕ್ಕೆ ಲ ನೋತ್ರ್. ಆ ಕಾಲದ ಮೂವರು ಜಾಣರನ್ನೂ ಅವನು ಒಂದೇ ಕಡೆ ಕೂಡಿಹಾಕಿದನು. ೧೬೬೧ರ ಆಗಸ್ಟ್ ೧೭ರಂದು ದೊರೆಯನ್ನು ಔತಣಕ್ಕೆ ಕರೆದು, ನಾಟಕವನ್ನಾಡಿಸಿ, ಬಾಣಬಿರುಸು ಹಾರಿಸಿ ಸಂತೋಷಪಡಿಸಿದನು. ಸಂತೋಷಪಡಿಸಿದೆನೆಂದು ಅವನು ತಿಳಿದನು. ಹತ್ತೊಂಬತ್ತು ದಿನಗಳ ತರುವಾಯ ದಾರ್ತಾನ್ಯಾನ್ ಎಂಬ ಸೇನಾಧಿಕಾರಿ, ಡ್ಯೂಮಾನ ಕಾದಂಬರಿಯಿಂದ ಮುಂದೆ ಲೋಕಪ್ರಸಿದ್ಧನಾದವನು, ಬಂದು ಅವನನ್ನು ಸೆರೆ ಹಿಡಿದನು. ನ್ಯಾಯಾಧಿಪತಿಗಳು ದೇಶಭ್ರಷ್ಟತೆಯ ಶಿಕ್ಷೆಯನ್ನು ವಿಧಿಸಿದರೆ ದೊರೆಯೇ ಅದನ್ನು ಹೆಚ್ಚಿಸಿ ಆಜೀವ ಕಾರಾಗೃಹವನ್ನಾಗಿ ಮಾಡಿದನು. ಫೂಕೆ ೧೬೮೦ರಲ್ಲಿ ಬಂದಿಯಾಗಿಯೇ ಸತ್ತನು. ಕಿತ್ತಳೆಯ ಗಿಡಗಳು, ಪ್ರತಿಮೆಗಳು, ಚಿತ್ರಗಂಬಳಿಗಳು ದೊರೆಯ ಪಾಲಾದವು. ಆ ಮೂವರು ಜಾಣರೂ ದೊರೆಯ ಪಾಲಾದರು.

ಅವರಿಗೆ ಒಪ್ಪಿಸಿದ ಸ್ಥಳ ವರ್ಸೇಲ್ಸ್. ಅಲ್ಲಿ ೧೩ನೆಯ ಲೂಯಿಯು ೧೬೨೩ರಲ್ಲಿ ಕಟ್ಟಿಸಿದ್ದ ಬೇಟೆಯ ಬಿಡಾರವೊಂದಿತ್ತು. ಮುಂದೆ ಅದೇ ಇಟ್ಟಿಗೆಯ ಸಣ್ಣ ಅರಮನೆಯಾಗಿತ್ತು. ಶಿಲ್ಪಿಗಳೆಲ್ಲ ಕೆಡವಬೇಕೆಂದರೂ ಮಗನು ತಂದೆಯ ಮನೆಯನ್ನು ಕೆಡವಗೊಡಲಿಲ್ಲ. ಲ ವೋ ಅದಕ್ಕೆ ಮೂರು ಕಡೆಯಲ್ಲಿಯೂ ಕಲ್ಲಿನ ಹೊದಿಕೆಯನ್ನು ತೊಡಿಸಿದನು. ಆದ್ದರಿಂದ ಇಂದಿಗೂ ಊರಿನ ಕಡೆಯಿಂದ ಬಂದವರಿಗೆ ಕೆಂಪು ಇಟ್ಟಿಗೆಯ ಹಳೆಯ ಮನೆಯೇ ಎದುರಾಗುತ್ತದೆ. ತೋಟದ ಕಡೆಗೆ ಹೋದರೆ ಮಾತ್ರ ಬಿಳಿಯ ಕಲ್ಲಿನ ಉದ್ದಾನುದ್ದದ ಸಾಲು. ಆ ಉದ್ದ ಸ್ವಲ್ಪ ಬೇಸರ ತರುವಂಥಾದ್ದೆಂದು ನಾವು ಹೇಳಿದರೆ ಕೆಲವರು ಕೋಪಿಸಿಕೊಳ್ಳಬಹುದು. ಆದರೆ ಅದು ಒಬ್ಬ ಮನುಷ್ಯ ವಾಸಮಾಡುವ ಮನೆಯ ಅಳತೆಯಲ್ಲ, ರಾಜ್ಯದ ಶ್ರೀಮಂತರನ್ನೆಲ್ಲ ಕಣ್ಣಳತೆಯಲ್ಲಿ ಕಟ್ಟಿಹಾಕುವ ರಾಜನೀತಿಯ ಅಳತೆ. ೧೬೮೨ರ ಮೇ ೬ರಂದು ಆಸ್ಥಾನವೂ ಸರ್ಕಾರವೂ ಅಲ್ಲಿಗೆ ಬಂದವು. ಗೋಡೆಗಳು ಆಗಿನ್ನೂ ಹಸಿಯಾಗಿದ್ದವು.

ಕನ್ನಡಿಗಳ ಮೊಗಸಾಲೆಯನ್ನು ಎಲ್ಲರೂ ಕೇಳಿರುತ್ತಾರೆ. ಆರ್ದುವಾನ್ ಮಾನ್ಸಾರ್ ೧೬೭೮ರಲ್ಲಿ ಪ್ರಾರಂಭಿಸಿ ೧೬೮೪ರಲ್ಲಿ ಮುಗಿಸಿದ ಈ ಹಜಾರ ೭೩ ಮೀಟರು ಉದ್ದ. ಒಂದು ಕಡೆ ತೋಟಕ್ಕೆ ತೆರೆಯುವ ೧೭ ಕಿಟಕಿಗಳು, ಎದುರಿಗೆ ೧೭ ಕನ್ನಡಿಯ ಕಮಾನುಗಳು. ಕನ್ನಡಿಗಳು ಒಟ್ಟು ೩೫೭, ಎಂದರೆ ಒಂದು ಕಮಾನಿಗೆ ೨೧ ತುಂಡು. ತುಂಡು ತುಂಡಾಗಿ ಏಕೆ ಜೋಡಿಸಿದರೆಂದರೆ ಆಗ ಗಾಜನ್ನು ಬಾಯಿಂದ ಊದಿ ಮಾಡುತ್ತಿದ್ದರು. ಊದಿದ ಗಾಜನ್ನು ದೊಡ್ಡ ಹಲಗೆಯಾಗಿ ಬಿಡಿಸುವುದು ಸಾಧ್ಯವಿರಲಿಲ್ಲ. ಕನ್ನಡಿಯ ವಿದ್ಯೆ ಅಲ್ಲಿಯವರೆಗೆ ವೆನಿಸ್ ನಗರದ ಗುಟ್ಟು. ಮಂತ್ರಿ ಕೋಲ್ಬೇರನು ಆ ಕಡೆಯ ಕೆಲಸಗಾರರನ್ನು ಹಣದ ಆಸೆ ತೋರಿಸಿ ಸೆಳೆದು ೧೬೬೫ರಲ್ಲಿ ಸ್ವದೇಶೀ ಕಾರ್ಖಾನೆಯನ್ನು ಸ್ಥಾಪಿಸಿದನು. ಮುಂದೆ ಸೇಂ ಗೊಬೇನ್ ಎಂಬ ಹೆಸರಿನಿಂದ ಪ್ರಸಿದ್ಧವಾದದ್ದು ಇದೇ. ಈ ಹೆಸರನ್ನು ಶ್ರೋತೃಗಳು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇವೆ. ಮೊಗಸಾಲೆಯ ತುಂಬ ಬೆಳ್ಳಿಯ ಪೀಠೋಪಕರಣಗಳಿದ್ದವು. ೧೬೮೯ರಲ್ಲಿ ಯುದ್ಧದ ಖರ್ಚಿಗೆಂದು ದೊರೆ ಅವುಗಳನ್ನೆಲ್ಲ ಕರಗಿಸಿ ನಾಣ್ಯ ಹೊಡೆಸಿದನು. ಹಾಗೆ ನೋಡಿದರೆ ಆ ವೈಭವ ತನ್ನ ಪೂರ್ಣರೂಪದಲ್ಲಿ ಬಾಳಿದ್ದು ಐದೇ ವರ್ಷ.

ಆ ಸ್ಥಳದಲ್ಲಿ ಎಲ್ಲವೂ ಇತ್ತು, ನೀರೊಂದಿರಲಿಲ್ಲ. ತೋಟದ ಕಾರಂಜಿಗಳೆಲ್ಲ ಒಟ್ಟಿಗೆ ಚಿಮ್ಮುವಷ್ಟು ನೀರು ಸಿಕ್ಕಲಿಲ್ಲವಾದ್ದರಿಂದ, ದೊರೆ ನಡೆದುಬರುತ್ತಿರುವಾಗ ಆಳುಗಳು ಸಿಳ್ಳು ಹಾಕಿ ಒಬ್ಬರಿಗೊಬ್ಬರು ಸೂಚನೆ ಕೊಟ್ಟು ಅವನ ಮುಂದಿನದನ್ನು ತೆರೆದು ಹಿಂದಿನದನ್ನು ಮುಚ್ಚುತ್ತಿದ್ದರು. ೧೬೮೪ರಲ್ಲಿ ಸೇನ್ ನದಿಯ ಮೇಲೆ ಮಾರ್ಲಿ ಯಂತ್ರವೆಂಬ ದೊಡ್ಡ ರಾಟೆ ತಿರುಗತೊಡಗಿತು: ಸುಮಾರು ೧೨ ಮೀಟರು ಅಡ್ಡಗಲದ ೧೪ ಚಕ್ರಗಳು, ೨೦೦ಕ್ಕೂ ಹೆಚ್ಚು ಪಂಪುಗಳು, ನೀರನ್ನು ಮೂರು ಮಜಲುಗಳಲ್ಲಿ ಸುಮಾರು ೧೬೦ ಮೀಟರು ಎತ್ತರಕ್ಕೆ ಎತ್ತಬೇಕಾಗಿತ್ತು. ಕಟ್ಟಿದವನು ಲಿಯೇಜ್ ಸೀಮೆಯ ರೆನ್ನೆಕನ್ ಸ್ವಾಲೆಮ್ ಎಂಬ ಬಡಗಿ. ಅದರ ಕಿರಿಚಾಟ ಬಹುದೂರ ಕೇಳಿಸುತ್ತಿತ್ತು, ನೀರು ಮಾತ್ರ ಸಾಲಲಿಲ್ಲ. ಆಮೇಲೆ ಯೂರ್ ಎಂಬ ನದಿಯನ್ನೇ ಸುಮಾರು ೮೦ ಕಿಲೊಮೀಟರು ತಿರುಗಿಸಿ ತರುವುದೆಂದು ನಿಶ್ಚಯವಾಯಿತು. ೧೬೮೫ರಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ಸಿಪಾಯಿಗಳನ್ನು ಗುದ್ದಲಿ ಕೊಟ್ಟು ಆ ಕೆಲಸಕ್ಕೆ ಹಚ್ಚಿದರು. ಜೌಗು ನೆಲದ ಜ್ವರದಿಂದ ಅವರು ಗುಂಪುಗುಂಪಾಗಿ ಸತ್ತರು. ೧೬೮೮ರಲ್ಲಿ ಯುದ್ಧ ಬಂದು ಕೆಲಸ ನಿಂತಿತು, ಮತ್ತೆ ಪ್ರಾರಂಭವಾಗಲಿಲ್ಲ. ಮಾಂತೆನೋನಿನಲ್ಲಿ ಆ ಮೇಲ್ಗಾಲುವೆಯ ಕಮಾನುಗಳು ಒಂದು ಹನಿ ನೀರನ್ನೂ ಹೊರದೆ ಇಂದಿಗೂ ನಿಂತಿವೆ.

ಅರಮನೆಯ ಕೆಲಸದಲ್ಲಿಯೂ ಹೀಗೆಯೇ. ೧೬೮೫ರಲ್ಲಿ ಮೂವತ್ತಾರು ಸಾವಿರ ಜನ ಅಲ್ಲಿ ದುಡಿಯುತ್ತಿದ್ದರೆಂದು ದಾಂಜೊ ಎಂಬ ಆಸ್ಥಾನಿಕನು ದಿನಚರಿಯಲ್ಲಿ ಗುರುತು ಹಾಕಿದ್ದಾನೆ. ಅದಕ್ಕೆ ಏಳು ವರ್ಷ ಮುಂಚೆಯೇ ಮದಾಂ ದ ಸೆವಿನ್ಯೆ ಎಂಬ ಮಹಿಳೆ, ಫ್ರೆಂಚ್ ಭಾಷೆಯಲ್ಲಿ ಪತ್ರಲೇಖನಕ್ಕೆ ಹೆಸರಾದವಳು, ಒಂದು ಕಾಗದದಲ್ಲಿ ವರ್ಸೇಲ್ಸಿನ ಕೆಲಸಗಾರರ ಸಾವಿನ ಸಂಖ್ಯೆಯನ್ನು ಕಂಡು ಬೆರಗುಪಟ್ಟಿದ್ದಾಳೆ. ಹೆಣಗಳನ್ನು ಹಗಲಲ್ಲಿ ಒಯ್ದರೆ ಉಳಿದವರು ಹೆದರಿಯಾರೆಂದು ರಾತ್ರಿಯ ಹೊತ್ತು ಗಾಡಿಗಳಲ್ಲಿ ಸಾಗಿಸುತ್ತಿದ್ದರೆಂದು ಬರೆದಿದ್ದಾಳೆ. ಕನ್ನಡಿಗಳ ಮೊಗಸಾಲೆಯಲ್ಲಿ ೧೮೭೧ರಲ್ಲಿ ಜರ್ಮನ್ ಸಾಮ್ರಾಜ್ಯ ಘೋಷಿತವಾದದ್ದನ್ನೂ, ೧೯೧೯ರಲ್ಲಿ ಅದೇ ಜರ್ಮನರು ಸಂಧಿಪತ್ರಕ್ಕೆ ರುಜು ಹಾಕಿದ್ದನ್ನೂ ಚರಿತ್ರೆಯ ಪುಸ್ತಕಗಳು ಮರೆಯದೆ ಹೇಳುತ್ತವೆ. ಆ ಗಾಡಿಗಳ ಮಾತು ಅಷ್ಟಾಗಿ ಬರುವುದಿಲ್ಲ. ವರ್ಸೇಲ್ಸನ್ನು ಮೆಚ್ಚಬಾರದೆಂದು ನಾವು ಹೇಳುವುದಿಲ್ಲ. ಮೆಚ್ಚುವಾಗ ಆ ಗಾಡಿಗಳ ಸದ್ದನ್ನೂ ಕೇಳಿಸಿಕೊಂಡರೆ ಒಳ್ಳೆಯದು.

ಇಷ್ಟು ಹೊತ್ತಿಗೆ ಪ್ಯಾರಿಸಿನ ಲೂವ್ರ್ ಏನಾಗಿತ್ತು? ಫ್ರಾನ್ಸಿಸನು ೧೫೪೬ರಲ್ಲಿ ಹಳೆಯ ಕೋಟೆಯ ಜಾಗದಲ್ಲಿ ಪಿಯೇರ್ ಲೆಸ್ಕೊ ಎಂಬ ಶಿಲ್ಪಿಯಿಂದ ಹೊಸ ಅರಮನೆಯನ್ನು ಪ್ರಾರಂಭಿಸಿದ್ದನು. ೧೪ನೆಯ ಲೂಯಿಯ ಕಾಲದಲ್ಲಿ ಅದರ ಪೂರ್ವದ ಮುಖವನ್ನು ಕಟ್ಟಬೇಕಾಗಿ ಬಂದು, ೧೬೬೫ರಲ್ಲಿ ರೋಮಿನಿಂದ ಮಹಾಶಿಲ್ಪಿ ಬರ್ನಿನಿಯನ್ನು ಕರೆಯಿಸಿದರು. ರಾಜೋಪಚಾರ ಮಾಡಿ, ಅವನ ನಕ್ಷೆಯನ್ನು ಕೈಬಿಟ್ಟು, ವಾಪಸು ಕಳುಹಿಸಿದರು. ಕೆಲಸ ಸೇರಿದ್ದು ಲ ವೋ, ಲ ಬ್ರನ್, ಕ್ಲೋದ್ ಪೆರೋ ಈ ಮೂವರಿಗೆ. ಪೆರೋ ವೃತ್ತಿಯಲ್ಲಿ ವೈದ್ಯ. ಸಿಂಡರೆಲಾ ಕಥೆಯನ್ನು ಬರೆದ ಪೆರೋನ ಅಣ್ಣ. ಜೋಡಿಕಂಬಗಳ ಆ ಸಾಲು ಹಗುರವಾಗಿಯೂ ಗಂಭೀರವಾಗಿಯೂ ಇದೆ. ಕಂಬಗಳ ನಡುವಣ ಅಂತರ ಬಹಳ. ಅಷ್ಟು ಅಂತರಕ್ಕೆ ಚಪ್ಪಟೆಯಾದ ಕಲ್ಲಿನ ತೊಲೆ ನಿಲ್ಲತಕ್ಕದ್ದಲ್ಲ. ಕಲ್ಲು ಭಾರವನ್ನು ಹೊತ್ತೀತೇ ಹೊರತು ಎಳೆತವನ್ನು ತಾಳಲಾರದು. ಹಾಗಾದರೆ ಅದು ನಿಂತಿರುವುದು ಹೇಗೆಂದರೆ, ಕಲ್ಲಿನ ಒಳಗೆ ಯಾರಿಗೂ ಕಾಣದಂತೆ ಕಬ್ಬಿಣದ ಸರಳುಗಳನ್ನೂ ಕೊಂಡಿಗಳನ್ನೂ ಹುದುಗಿಸಿದ್ದಾರೆ.

ಫ್ರೆಂಚರ ಮುಂದಿನ ಎರಡು ಶತಮಾನದ ಕಟ್ಟಡಗಳ ಕಥೆಯೆಲ್ಲ ಈ ಅಡಗಿಸಿಟ್ಟ ಕಬ್ಬಿಣದ ಕಥೆಯೆಂದು ನಮಗೆ ತೋರುತ್ತದೆ. ಸೂಫ್ಲೊ ಎಂಬ ಶಿಲ್ಪಿ ೧೫ನೆಯ ಲೂಯಿಯ ಹರಕೆಯನ್ನು ತೀರಿಸುವುದಕ್ಕೆಂದು ಇಗರ್ಜಿಯಾಗಿ ಕಟ್ಟಿದ, ೧೭೯೧ರಲ್ಲಿ ಮಹಾಪುರುಷರ ಸಮಾಧಿಭವನವಾಗಿ ಪಾಂತೆಯೋನ್ ಎಂಬ ಹೆಸರು ಪಡೆದ ಕಟ್ಟಡದಲ್ಲಿಯೂ ಕಲ್ಲಿನೊಳಗೆ ಕಬ್ಬಿಣದ ಬಲೆಯೇ ಇದೆ. ಕಬ್ಬಿಣ ತುಕ್ಕು ಹಿಡಿದರೆ ಉಬ್ಬುತ್ತದೆ, ಉಬ್ಬಿದರೆ ಕಲ್ಲು ಸೀಳುತ್ತದೆ. ಆ ಕಟ್ಟಡ ರೋಗಿಷ್ಠವಾದದ್ದಕ್ಕೆ ಇದೂ ಒಂದು ಕಾರಣ. ಅಡಗಿಸಿದ್ದನ್ನು ಹೊರಕ್ಕೆ ತಂದವನು ಆನ್ರಿ ಲಾಬ್ರೂಸ್ತ್. ಪಾಂತೆಯೋನಿನ ಎದುರಿಗೇ ೧೮೫೧ರಲ್ಲಿ ಅವನ ಸೇಂತ್ ಜೆನೆವ್ಯೇವ್ ಪುಸ್ತಕ ಭಂಡಾರ ತೆರೆಯಿತು. ಹೊರಗೆ ಸಾದಾ ಕಲ್ಲು. ಅದರ ಮೇಲೆ ೮೧೦ ಗ್ರಂಥಕರ್ತರ ಹೆಸರುಗಳನ್ನು ಕೊರೆದಿದ್ದಾರೆ. ಒಳಗೆ ಹೋದರೆ ಮಧ್ಯದಲ್ಲಿ ಒಂದೇ ಸಾಲು ತೆಳುವಾದ ಎರಕದ ಕಬ್ಬಿಣದ ಕಂಬಗಳು, ಅವುಗಳ ಮೇಲೆ ಕಸೂತಿಯಂಥ ಕಬ್ಬಿಣದ ಕಮಾನುಗಳು. ಮರೆಮಾಚುವುದೆಂಬುದಿಲ್ಲ. ಅನಿಲದ ದೀಪಗಳಿದ್ದುದರಿಂದ ಮನೆಯಲ್ಲಿ ದೀಪಕ್ಕೂ ಬೆಂಕಿಗೂ ಗತಿಯಿಲ್ಲದ ವಿದ್ಯಾರ್ಥಿಗಳು ರಾತ್ರಿಯವರೆಗೆ ಅಲ್ಲಿ ಕುಳಿತು ಓದಬಹುದಾಗಿತ್ತು. ಅರಮನೆಯಲ್ಲಿ ನೂರಾರು ಮೇಣದ ಬತ್ತಿಗಳನ್ನು ಹೊತ್ತಿಸಿ ಕನ್ನಡಿಗೆ ತೋರಿಸುತ್ತಿದ್ದ ದೇಶದಲ್ಲಿ ಬಡ ಹುಡುಗನ ಪುಸ್ತಕದ ಮೇಲೆ ಬೆಳಕು ಬಿದ್ದದ್ದು ಸಣ್ಣ ಸಂಗತಿಯಲ್ಲ.

೧೮೫೩ರಿಂದ ೧೮೭೦ರವರೆಗೆ ಓಸ್ಮಾನ್ ಎಂಬ ಅಧಿಕಾರಿಯು ಪ್ಯಾರಿಸಿನ ಹಳೆಯ ಕೇರಿಗಳನ್ನು ಸೀಳಿ ನೇರವಾದ ಅಗಲ ಬೀದಿಗಳನ್ನು ಮಾಡಿದ್ದನ್ನೂ, ಗಾರ್ನಿಯೆ ಎಂಬುವನು ೧೮೭೫ರಲ್ಲಿ ಸಂಗೀತ ನಾಟಕಶಾಲೆಯನ್ನು ಮುಗಿಸಿದ್ದನ್ನೂ ಇಲ್ಲಿ ಹೆಸರಿಸಿ ಮುಂದುವರಿಯುತ್ತೇವೆ. ತ್ಯುಯಿಲರಿ ಅರಮನೆಯು ೧೮೭೧ರ ದಂಗೆಯಲ್ಲಿ ಸುಟ್ಟುಹೋಯಿತು. ಹನ್ನೆರಡು ವರ್ಷ ಹಾಳಾಗಿ ನಿಂತಿದ್ದು ೧೮೮೩ರಲ್ಲಿ ನೆಲಸಮವಾಯಿತು. ದೊರೆಗಳ ಯುಗ ಅಲ್ಲಿಗೆ ಮುಗಿಯಿತೆಂದರೂ ಸಲ್ಲುತ್ತದೆ.

ಆರೇ ವರ್ಷಗಳಲ್ಲಿ ಅದೇ ಸೇನ್ ನದಿಯ ದಡದಲ್ಲಿ ೩೦೦ ಮೀಟರಿನ ಕಬ್ಬಿಣದ ಗೋಪುರವೊಂದು ನಿಂತಿತು. ಮೊದಲ ಆಲೋಚನೆ ಐಫೆಲ್ ಸಾಹೇಬರದಲ್ಲ, ಅವರ ಕಚೇರಿಯ ಕೋಷ್ಲಾನ್, ನುಗಿಯೆ ಎಂಬ ಇಂಜಿನಿಯರುಗಳದು. ಬಿಡಿಭಾಗಗಳು ೧೮,೦೩೮, ಅವುಗಳನ್ನು ಕೂಡಿಸಿದ ಮೊಳೆಗಳು ೨೫ ಲಕ್ಷ. ಕಾರ್ಖಾನೆಯಲ್ಲಿಯೇ ಅಳೆದು, ತೂತು ಕೊರೆದು, ಸ್ಥಳಕ್ಕೆ ತಂದು ಜೋಡಿಸಿದ್ದರಿಂದ ಎರಡು ವರ್ಷ ಎರಡು ತಿಂಗಳಲ್ಲಿ ಕೆಲಸ ಮುಗಿದು ೧೮೮೯ರ ಮಾರ್ಚ್ ೩೧ರಂದು ಬಾವುಟವೇರಿತು. ಅದಕ್ಕೆ ಎರಡು ವರ್ಷ ಮೊದಲೇ, ೧೮೮೭ರ ಫೆಬ್ರವರಿಯಲ್ಲಿ, ಸಾಹಿತಿಗಳೂ ಕಲಾವಿದರೂ ಸೇರಿ ಪತ್ರಿಕೆಯಲ್ಲಿ ಪ್ರತಿಭಟನೆಯನ್ನು ಅಚ್ಚು ಹಾಕಿಸಿದ್ದರು. ಗಾರ್ನಿಯೆ, ಕಥೆಗಾರ ಮೋಪಾಸಾನ್, ಸಂಗೀತಗಾರ ಗೂನೊ ಇವರೆಲ್ಲರ ರುಜು ಅದರಲ್ಲಿತ್ತು. ದೊಡ್ಡ ಹೆಸರುಗಳು ಸೇರಿದ ಮಾತ್ರಕ್ಕೆ ತೀರ್ಪು ಸರಿಯಾಗಬೇಕೆಂದಿಲ್ಲ.

ಗೋಪುರಕ್ಕೆ ಕೊಟ್ಟಿದ್ದ ಅಪ್ಪಣೆ ಇಪ್ಪತ್ತೇ ವರ್ಷದ್ದು; ಆಮೇಲೆ ಕಿತ್ತುಹಾಕಬಹುದಾಗಿತ್ತು. ಉಳಿಸಿದ್ದು ಯಾವುದೆಂದರೆ, ಈ ಹೊತ್ತು ನಮ್ಮ ಮಾತನ್ನು ತಮ್ಮ ಮನೆಗೆ ತರುತ್ತಿರುವ ವಿದ್ಯೆಯೇ. ೧೮೯೮ರಲ್ಲಿ ದ್ಯುಕ್ರೆತೆ ಎಂಬುವನು ಗೋಪುರದಿಂದ ನಾಲ್ಕು ಕಿಲೊಮೀಟರು ದೂರದ ಪಾಂತೆಯೋನಿಗೆ ತಂತಿಯಿಲ್ಲದೆ ಸುದ್ದಿಯನ್ನು ಕಳುಹಿಸಿದನು. ಫೆರಿಯೆ ಎಂಬ ಸೇನಾಧಿಕಾರಿ ಅದರ ನೆತ್ತಿಯಿಂದ ತಂತಿಗಳನ್ನಿಳಿಸಿ ಸೈನ್ಯದ ನಿಸ್ತಂತು ಕೇಂದ್ರವನ್ನು ಮಾಡಿದನು. ದೇಶರಕ್ಷಣೆಗೆ ಬೇಕಾದದ್ದನ್ನು ಯಾರು ಕೀಳುತ್ತಾರೆ? ೧೯೧೦ರಲ್ಲಿ ಅಪ್ಪಣೆ ಎಪ್ಪತ್ತು ವರ್ಷಕ್ಕೆ ಮುಂದುವರಿಯಿತು. ೧೯೨೧-೨೨ರಲ್ಲಿ ಗೋಪುರದಿಂದ ಸಾರ್ವಜನಿಕರಿಗೆ ಮಾತೂ ಸಂಗೀತವೂ ಕೇಳತೊಡಗಿದವು. ಆಕಾಶವಾಣಿಯ ಬಂಧುಬಳಗದಲ್ಲಿ ಐಫೆಲ್ ಗೋಪುರವನ್ನೂ ನಾವು ಸೇರಿಸಿಕೊಳ್ಳಬೇಕು.

ಇಪ್ಪತ್ತನೆಯ ಶತಮಾನದಲ್ಲಿ ಕಬ್ಬಿಣ ಮತ್ತೆ ಒಳಕ್ಕೆ ಹೋಯಿತು. ಈ ಸಲ ಅದಕ್ಕೆ ದೊರೆತ ಹೊದಿಕೆ ಕಲ್ಲಲ್ಲ, ಕಾಂಕ್ರೀಟು. ಆಗಸ್ಟ್ ಪೆರೆ ಎಂಬ ಶಿಲ್ಪಿ ೧೯೦೩-೦೪ರಲ್ಲಿ ಪ್ಯಾರಿಸಿನ ಫ್ರಾಂಕ್ಲಿನ್ ಬೀದಿಯಲ್ಲಿ ಕಾಂಕ್ರೀಟಿನ ಚೌಕಟ್ಟಿನ ಮೇಲೆ ಮಹಡಿಮನೆಯನ್ನು ಕಟ್ಟಿದನು. ಗೋಡೆ ಭಾರ ಹೊರಬೇಕಾಗಿಲ್ಲವಾದ್ದರಿಂದ ಎಲ್ಲಿ ಬೇಕೆಂದರೆ ಅಲ್ಲಿ ಕಿಟಕಿ. ಇದೇ ಪೆರೆ ಮುದಿಪ್ರಾಯದಲ್ಲಿ ಒಂದು ಇಡೀ ಊರನ್ನು ಕಟ್ಟಬೇಕಾಯಿತು. ೧೯೪೪ರ ಸೆಪ್ಟೆಂಬರಿನಲ್ಲಿ ಮಿತ್ರರಾಷ್ಟ್ರಗಳ ಬಾಂಬುಗಳಿಂದ ಲ ಹಾವ್ರ್ ರೇವುಪಟ್ಟಣ ಪುಡಿಯಾಗಿ ಸುಮಾರು ಎಂಬತ್ತು ಸಾವಿರ ಜನಕ್ಕೆ ಮನೆಯಿಲ್ಲದಂತಾಯಿತು. ಪೆರೆಯೂ ಅವನ ಶಿಷ್ಯರೂ ೬.೨೪ ಮೀಟರಿನ ಒಂದೇ ಅಳತೆಯನ್ನು ಹಿಡಿದು ಬೀದಿ, ಮನೆ, ಅಂಗಡಿಗಳನ್ನೆಲ್ಲ ಹೊಂದಿಸಿದರು. ಬಹುಕಾಲ ಅದನ್ನು ಬೂದುಬಣ್ಣದ ಊರೆಂದು ಹಳಿದರು. ೨೦೦೫ರಲ್ಲಿ ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿಸಿದರು.

ಪೆರೆಯ ಕಚೇರಿಯಲ್ಲಿ ೧೯೦೮-೦೯ರಲ್ಲಿ ಕೆಲಸ ಕಲಿತವನೊಬ್ಬನು ಸ್ವಿಟ್ಜರ್ಲೆಂಡಿನ ಯುವಕ. ಲ ಕಾರ್ಬೂಸಿಯೆ ಎಂಬ ಹೆಸರನ್ನಿಟ್ಟುಕೊಂಡು ೧೯೩೦ರಲ್ಲಿ ಫ್ರೆಂಚ್ ಪ್ರಜೆಯಾದನು. ಪ್ವಾಸ್ಸಿ ಎಂಬ ಊರಿನಲ್ಲಿ ಸವ್ವಾ ದಂಪತಿಗಳಿಗೆ ೧೯೩೧ರಲ್ಲಿ ಅವನು ಮುಗಿಸಿಕೊಟ್ಟ ಬಿಳಿಯ ಮನೆ ತೆಳುವಾದ ಕಂಬಗಳ ಮೇಲೆ ಹುಲ್ಲಿನಿಂದೆದ್ದು ನಿಂತಿದೆ. ಸುತ್ತ ಪಟ್ಟಿಯಂತೆ ಒಂದೇ ಕಿಟಕಿ, ಮೇಲೆ ತೋಟ, ಹತ್ತುವುದಕ್ಕೆ ಇಳಿಜಾರು. ಮನೆ ಕಟ್ಟಿ ನೋಡೆಂದು ನಮ್ಮ ಹಿರಿಯರು ಹೇಳಿದ್ದನ್ನು ಸವ್ವಾ ಗೃಹಿಣಿ ಅನುಭವಿಸಿ ತಿಳಿದಳು: ಛಾವಣಿ ಸೋರಿತು. ಹಜಾರ ಸೋರುತ್ತದೆ, ಇಳಿಜಾರು ಸೋರುತ್ತದೆ ಎಂದು ಅವಳು ಶಿಲ್ಪಿಗೆ ಮೇಲಿಂದ ಮೇಲೆ ಕಾಗದ ಬರೆದಳು. ಯುದ್ಧದಲ್ಲಿ ಜರ್ಮನರೂ ಆಮೇಲೆ ಅಮೆರಿಕದವರೂ ಅಲ್ಲಿ ಬೀಡುಬಿಟ್ಟರು. ೧೯೫೮ರ ಸುಮಾರಿಗೆ ಶಾಲೆ ಕಟ್ಟುವುದಕ್ಕಾಗಿ ಅದನ್ನು ಕೆಡವಬೇಕೆಂದಿದ್ದಾಗ ಲೋಕದ ಶಿಲ್ಪಿಗಳೆಲ್ಲ ಮೊರೆಯಿಟ್ಟು ಉಳಿಸಿದರು. ಶಿಲ್ಪಿ ತೀರಿಕೊಂಡ ೧೯೬೫ರಲ್ಲಿಯೇ ಅದು ಸಂರಕ್ಷಿತ ಸ್ಮಾರಕವಾಯಿತು. ಸೋರುವ ಮನೆ ಸ್ಮಾರಕವಾಗಬಹುದೇ ಎಂದು ಕೇಳುವವರಿಗೆ ನಮ್ಮ ಉತ್ತರ, ಆಗಬಹುದು. ಆದರೆ ಆ ಗೃಹಿಣಿಯ ಕಾಗದಗಳನ್ನೂ ಅದರೊಡನೆ ಕಾಪಾಡಬೇಕು.

ಮಾರ್ಸೇಯ್ ನಗರದಲ್ಲಿ ೧೯೫೨ರಲ್ಲಿ ಅವನು ೩೩೭ ಸಂಸಾರಗಳಿಗೆ ಒಂದೇ ಕಟ್ಟಡವನ್ನು ಕಟ್ಟಿದನು; ನಡುಮಹಡಿಯಲ್ಲಿ ಅಂಗಡಿಬೀದಿ, ಮೇಲೆ ಮಕ್ಕಳ ಶಾಲೆ. ಊರವರು ಅದನ್ನು ಹುಚ್ಚನ ಮನೆಯೆಂದು ಕರೆದರು. ಅದೇ ಸಮಯಕ್ಕೆ ಅವನು ನಮ್ಮ ದೇಶದ ಚಂಡೀಗಢದ ಕೆಲಸವನ್ನೂ ವಹಿಸಿಕೊಂಡಿದ್ದನು. ಆಗ ಪ್ಯಾರಿಸಿನ ಅವನ ಕಚೇರಿಯಲ್ಲಿ ದುಡಿದ ಭಾರತೀಯ ಯುವಕ ಬಾಲಕೃಷ್ಣ ದೋಶಿಯವರು ಮುಂದೆ ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ವಿದ್ಯಾಲಯವನ್ನು ರಚಿಸಿದರು. ಗುರುವಿನ ಬರಿಯ ಕಾಂಕ್ರೀಟಿಗೆ ನಮ್ಮ ಸೀಮೆಯ ಬೂದುಗಲ್ಲು ಸೇರಿ, ಬಳ್ಳಿ ಹಬ್ಬಿದ ಚಪ್ಪರದ ಓಣಿಗಳಲ್ಲಿ ಬಿಸಿಲು ನೆರಳಾಡುವ ಆ ಕಟ್ಟಡವನ್ನು ಬೆಂಗಳೂರಿನವರು ಒಮ್ಮೆ ನಿಧಾನವಾಗಿ ನೋಡಬೇಕು.

ಕೊನೆಗೆ ಲೂವ್ರಿಗೆ ಹಿಂದಿರುಗೋಣ. ಅಧ್ಯಕ್ಷ ಮಿತೆರಾನರು ೧೯೮೩ರಲ್ಲಿ ಚೀನಾದಲ್ಲಿ ಹುಟ್ಟಿದ ಅಮೆರಿಕದ ಶಿಲ್ಪಿ ಪೇಯ್ ಅವರಿಗೆ ಅದನ್ನು ಸರಿಪಡಿಸುವ ಕೆಲಸವನ್ನು ಒಪ್ಪಿಸಿದರು. ಒಂದು ರೆಕ್ಕೆಯಲ್ಲಿ ಹಣಕಾಸಿನ ಸಚಿವಾಲಯ ಕುಳಿತಿತ್ತು. ಬಂದ ಜನಕ್ಕೆ ಬಾಗಿಲೆಲ್ಲಿದೆಯೆಂದೇ ತಿಳಿಯುತ್ತಿರಲಿಲ್ಲ. ಪೇಯ್ ಅಂಗಳದ ಕೆಳಗೆ ದೊಡ್ಡ ಹಜಾರವನ್ನು ತೋಡಿ ಅದರ ಬೆಳಕಿಗೂ ಪ್ರವೇಶಕ್ಕೂ ಸುಮಾರು ೨೧ ಮೀಟರು ಎತ್ತರದ ಗಾಜಿನ ಪಿರಮಿಡ್ಡನ್ನು ಸೂಚಿಸಿದರು. ಮತ್ತೆ ಪತ್ರಿಕೆಗಳಲ್ಲಿ ಬಿರುಗಾಳಿ. ಅನುಮಾನಪಟ್ಟವರಿಗಾಗಿ ೧೯೮೫ರಲ್ಲಿ ಅಂಗಳದಲ್ಲಿಯೇ ಹಗ್ಗ ಬಿಗಿದು ನಿಜವಾದ ಅಳತೆಯ ಆಕಾರವನ್ನು ತೋರಿಸಿದರು. ನೆಲವನ್ನು ಅಗೆದಾಗ ಫಿಲಿಪ್ ಅಗಸ್ಟಸನ ಕೋಟೆಯ ಬುಡ ಹೊರಬಿತ್ತು. ಈಗ ಅದರ ಪಕ್ಕದಲ್ಲಿಯೇ ನಡೆದುಹೋಗಬಹುದು. ಹಳೆಯ ಅರಮನೆಯ ಕಲ್ಲಿನ ಬಣ್ಣ ಗಾಜಿನ ಮೂಲಕ ಕೆಡಬಾರದೆಂದು ಪೇಯ್ ಅವರ ಹಟ. ಮಾಮೂಲು ಗಾಜು ತುಸು ಹಸುರಾಗಿರುವುದಕ್ಕೆ ಮರಳಿನಲ್ಲಿ ಬೆರೆತ ಕಬ್ಬಿಣವೇ ಕಾರಣ. ಆ ಕಬ್ಬಿಣವನ್ನು ನೀಗಿ ತಿಳಿನೀರಿನಂಥ ಗಾಜನ್ನು ಮಾಡಿಕೊಟ್ಟದ್ದು ಸೇಂ ಗೊಬೇನ್, ಕನ್ನಡಿಗಳ ಮೊಗಸಾಲೆಗೆ ಕನ್ನಡಿ ಒದಗಿಸಿದ ಅದೇ ಕಾರ್ಖಾನೆ. ೧೯೮೯ರಲ್ಲಿ ಪಿರಮಿಡ್ಡಿನ ಬಾಗಿಲು ತೆರೆಯಿತು. ಸಚಿವಾಲಯ ಬೇರೆ ಕಡೆಗೆ ಹೋಗಿ ೧೯೯೩ರಲ್ಲಿ ಅದರ ರೆಕ್ಕೆಯೂ ಚಿತ್ರಶಾಲೆಗೆ ಸೇರಿತು.

ಇನ್ನೊಂದು ಕಟ್ಟಡವನ್ನು ಹೇಳಿ ನಿಲ್ಲಿಸುತ್ತೇವೆ. ಇದಕ್ಕೆ ಗೋಪುರವೂ ಇಲ್ಲ, ಕೀರ್ತಿಯೂ ಅಷ್ಟಾಗಿ ಹರಡಿಲ್ಲ. ಬೋರ್ದೊ ನಗರದಲ್ಲಿ ೧೯೬೦ರ ದಶಕದ ಆರಂಭದಲ್ಲಿ ಬಡವರಿಗೆಂದು ಕಟ್ಟಿದ್ದ ಮೂರು ದೊಡ್ಡ ವಠಾರಗಳಿದ್ದವು. ಮನೆಗಳು ೫೩೦, ಕಿಟಕಿಗಳು ಚಿಕ್ಕವು. ಇಂಥವನ್ನು ಕೆಡವುವುದೇ ಫ್ರಾನ್ಸಿನಲ್ಲಿ ಆಗ ರೂಢಿಯಾಗಿತ್ತು. ಆನ್ ಲಾಕಾತೋನ್, ಝಾನ್ ಫಿಲಿಪ್ ವಸ್ಸಾಲ್ ಎಂಬ ಶಿಲ್ಪಿಗಳು ಜೊತೆಗಾರರೊಡನೆ ಸೇರಿ ಕೆಡವದೆ ಬೇರೊಂದು ಉಪಾಯ ಮಾಡಿದರು. ಸುಮಾರು ೩.೮ ಮೀಟರು ಆಳದ ಸಜ್ಜೆಗಳನ್ನು ಒಂದರ ಮೇಲೊಂದು ಪೇರಿಸಿ ಹಳೆಯ ಗೋಡೆಗೆ ಹೊರಗಿನಿಂದ ಒತ್ತಿ ನಿಲ್ಲಿಸಿದರು. ಪ್ರತಿಯೊಂದು ಮನೆಯ ಕಿಟಕಿಯನ್ನು ಕಿತ್ತು ನೆಲದಿಂದ ಛಾವಣಿಯವರೆಗೆ ಗಾಜಿನ ಬಾಗಿಲನ್ನಿಟ್ಟರು. ಕೆಲಸ ನಡೆಯುತ್ತಿದ್ದಾಗ ಒಕ್ಕಲಿದ್ದವರು ಮನೆ ಬಿಟ್ಟು ಹೋಗಬೇಕಾಗಲಿಲ್ಲ. ೨೦೧೭ರಲ್ಲಿ ಅದು ಮುಗಿದಾಗ, ಐದು ದಶಕ ಸಣ್ಣ ಕಿಟಕಿಯಿಂದ ಆಕಾಶದ ಒಂದು ತುಂಡನ್ನು ಕಂಡಿದ್ದ ಮುದುಕರು ಗಾಜಿನ ಮೊಗಸಾಲೆಯಲ್ಲಿ ಕುರ್ಚಿ ಹಾಕಿಕೊಂಡು, ಹೂವಿನ ಕುಂಡಗಳನ್ನಿಟ್ಟುಕೊಂಡು, ಇಡೀ ಊರನ್ನು ನೋಡುತ್ತ ಕುಳಿತರು.